ಕಿಟ್ ಲೋಕ ಮರೆತ ಹಳೇ ಕಾರುಗಳು: ಯಾವುದು ಬೇಕು, ಯಾಕೆ ಬೇಕು, ಬರೋವರೆಗೆ ಏನು ಮಾಡೋದು

#1 ಹಳೆಗಾಲಿ

ಮಸ್ಟ್ಯಾಂಗ್, 911, ಸ್ಕೈಲೈನ್ ಮೂರಕ್ಕೂ ಕಿಟ್‌ಗಳ (ಭಾಗ ಜೋಡಿಸಿ ಕಟ್ಟೋ ಪುಟ್ಟ ಮಾಡೆಲ್‌ಗಳ) ಬರ ಯಾವತ್ತೂ ಬಂದಿಲ್ಲ, ಬರೋದೂ ಇಲ್ಲ. ಅವನ್ನು ಪಕ್ಕಕ್ಕಿಟ್ಟು ಮಾತಾಡೋಣ. ಯಾರೂ ತಿರುಗಿ ನೋಡದ ಹಳೇ ಕಾರುಗಳಲ್ಲಿ ಯಾವುದು 1/24 ಅಥವಾ 1/25 ಸ್ಕೇಲ್‌ನಲ್ಲಿ, ಅಂದರೆ ನಿಜವಾದ ಕಾರಿಗಿಂತ 24 ಅಥವಾ 25 ಪಟ್ಟು ಚಿಕ್ಕದಾಗಿ, ಹೊಸ ಅಚ್ಚಿನ ಪ್ಲಾಸ್ಟಿಕ್ ಕಿಟ್ ಆಗಿ ಬರಬೇಕು? ಒಂದೇ ಷರತ್ತು: "ಚೆಂದ ಇದೆ" ಅಂದರೆ ಸಾಲದು. ಒಂದು ಬಾಡಿ ಅಚ್ಚಿಗೆ ದುಡ್ಡು ಹಾಕಿದವನು ಅದರಿಂದ ಎಷ್ಟು ಬಗೆಯ ಡಬ್ಬಿ ಹೊರಡಿಸಬಹುದು ಅಂತಲೂ ಹೇಳಿ. ಕಿಟ್ ಕಂಪನಿಯವರು ಮೊದಲು ಹಾಕೋ ಲೆಕ್ಕ ಅದೇ.

ನನ್ನ ಓಟು ಸಾಬ್ 96ಕ್ಕೆ. 1960ರಿಂದ 1980ರವರೆಗೆ ಬಂದ ಕಾರು. ಮೈ ಹೆಚ್ಚುಕಡಿಮೆ ಒಂದೇ, ಮೂತಿ ಮೂರು. ಮೊದಲ ಕಾರುಗಳದ್ದು ಗಿಡ್ಡ ಮೂತಿ. ಅವುಗಳಲ್ಲಿ ರೇಡಿಯೇಟರ್ ಎಂಜಿನ್‌ನ ಹಿಂದೆ ಇತ್ತು. 1965ರ ಮಾದರಿಯಲ್ಲಿ ಅದು ಮುಂದಕ್ಕೆ ಬಂತು, ಮೂತಿ ಉದ್ದ ಆಯ್ತು. 1969ರಿಂದ ಯುರೋಪಿನ ಕಾರುಗಳಿಗೆ ಚೌಕ ದೀಪ. ಎಂಜಿನ್ ಎರಡು: 841 ಸಿಸಿಯ ಮೂರು ಸಿಲಿಂಡರ್ ಟೂ-ಸ್ಟ್ರೋಕ್, 1967ರಿಂದ ಫೋರ್ಡ್‌ನ 1498 ಸಿಸಿ ವಿ4. ಡೆಕಾಲ್‌ಗೂ (ನಂಬರ್, ಗುರುತುಗಳ ಅಂಟುಚಿತ್ರ) ಕೊರತೆ ಇಲ್ಲ. 1962 ಮತ್ತು 1963ರ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದ ಎರಿಕ್ ಕಾರ್ಲ್‌ಸನ್, 1971ರಲ್ಲಿ ವಿ4 ಇಟ್ಟುಕೊಂಡು ಬ್ರಿಟನ್ನಿನ ಆರ್‌ಎಸಿ ರ‍್ಯಾಲಿ ಗೆದ್ದ ಸ್ಟಿಗ್ ಬ್ಲೋಮ್‌ಕ್ವಿಸ್ಟ್. ಕೂಡಿಸಿ ನೋಡಿ, ಐದು ಡಬ್ಬಿಗೆ ಮೋಸ ಇಲ್ಲ.

#2 ಸ್ಪ್ರೂಕತ್ತರಿ

ಲೆಕ್ಕ ಸರಿಯಾಗಿದೆ, ಆದರೆ ಮೂರು ಮೂತಿ ಪುಕ್ಕಟೆ ಸಿಗಲ್ಲ. ಮೂತಿ ಬದಲಾಯಿಸೋ ಕಿಟ್‌ನಲ್ಲಿ ಎಲ್ಲಾ ಕೆಡೋದು ಜೋಡಣೆಯ ಗೆರೆ ಎಲ್ಲಿ ಬೀಳುತ್ತೆ ಅನ್ನೋದರ ಮೇಲೆ. ನಿಜವಾದ ಕಾರಿನಲ್ಲಿ ತಗಡು ಎಲ್ಲಿ ಮುಗಿಯುತ್ತೋ ಅಲ್ಲೇ, ಅಂದರೆ ಮುಂದಿನ ಫೆಂಡರ್ ಬಾಗಿಲಿಗೆ ತಾಗೋ ಸಂದಿನಲ್ಲೇ ಪ್ಲಾಸ್ಟಿಕ್ ಕೂಡ ಕತ್ತರಿಸಬೇಕು. ಫೆಂಡರ್‌ನ ನಡುಮಧ್ಯೆ ಕತ್ತರಿಸಿ "ಅಂಟಿಸಿ ಉಜ್ಜಿಕೊಳ್ಳಿ" ಅಂದರೆ ಗೆರೆ ಮತ್ತೆ ಎದ್ದು ಬರುತ್ತೆ. ಯಾಕಂದರೆ ಪ್ಲಾಸ್ಟಿಕ್ ಸಿಮೆಂಟ್ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯೋದು. ಕರಗಿದ ಜಾಗದಿಂದ ದ್ರಾವಕ ಪೂರ್ತಿ ಆರೋಕೆ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಹಿಡಿಯುತ್ತೆ. ಆರುತ್ತಾ ಆರುತ್ತಾ ಅಲ್ಲಿ ತಗ್ಗು ಬೀಳುತ್ತೆ. ಮರುದಿನವೇ ಉಜ್ಜಿ, ಪ್ರೈಮರ್, ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಪದರ) ಎಲ್ಲ ಹೊಡೆದು ಮುಗಿಸಿದರೆ ತಿಂಗಳ ಮೇಲೆ ಬೆಳಕಿಗೆ ಹಿಡಿದಾಗ ಕೂದಲೆಳೆಯಂಥ ಗೆರೆ ಕಾಣುತ್ತೆ.

ಹಾಗೆ ಜೋಡಿಸಲೇಬೇಕಾದ ಕಿಟ್ ಕೈಗೆ ಬಂದರೆ: ಒಳಗಿಂದ 0.5 ಮಿ.ಮೀ. ಸ್ಟೈರೀನ್ ಪಟ್ಟಿ ಆಸರೆ ಕೊಟ್ಟು ಅಂಟಿಸಿ, ಎರಡು ವಾರ ಕೈಯಿಡಬೇಡಿ. ಹೊರಗಿನ ಸಂದಿಗೆ ಪುಟ್ಟಿ ಬೇಡ, ಸೂಪರ್ ಗ್ಲೂ ತುಂಬಿ. ಅದು ಆರುವಾಗ ಪುಟ್ಟಿಯಷ್ಟು ಕುಗ್ಗಲ್ಲ. ಆದರೆ ಅರ್ಧ ಗಂಟೆಯೊಳಗೆ ಉಜ್ಜಿಬಿಡಿ. ರಾತ್ರಿ ಕಳೆದರೆ ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ ಕೂತು, ಉಜ್ಜುವಾಗ ಅಕ್ಕಪಕ್ಕದ ಪ್ಲಾಸ್ಟಿಕ್ ಸವೆದು ಗ್ಲೂ ದಿಬ್ಬದ ಹಾಗೆ ಉಳಿಯುತ್ತೆ.

#3 ಎರಡುರೋಟರ್

ಎನ್‌ಎಸ್‌ಯು ರೋ 80. ಬೇರೆ ಮಾತೇ ಇಲ್ಲ.

1967ರಿಂದ 1977ರವರೆಗೆ ತಯಾರಾಯ್ತು. ಕ್ಲೌಸ್ ಲೂಥೆ ಬರೆದ ಆಕಾರ ಇವತ್ತಿಗೂ ಹಳತು ಅನ್ನಿಸಲ್ಲ. 1968ರ ಕಾರ್ ಆಫ್ ದಿ ಇಯರ್. ತಲಾ 497.5 ಸಿಸಿಯ ಎರಡು ರೋಟರ್‌ಗಳ (ಪಿಸ್ಟನ್ ಬದಲು ಸುತ್ತೋ ಭಾಗ) ವ್ಯಾಂಕೆಲ್ ಎಂಜಿನ್, 115 ಪಿಎಸ್. ಮುಂದಿನ ಡಿಸ್ಕ್ ಬ್ರೇಕ್ ಚಕ್ರದ ಹತ್ತಿರ ಅಲ್ಲ, ಗೇರ್‌ಬಾಕ್ಸ್ ಪಕ್ಕದಲ್ಲಿ. ಕ್ಲಚ್ ಪೆಡಲ್ ಇಲ್ಲ, ಗೇರ್ ಹಿಡಿ ಮುಟ್ಟಿದರೆ ವ್ಯಾಕ್ಯೂಮ್‌ನಲ್ಲಿ ಕ್ಲಚ್ ಬಿಡುತ್ತೆ. ಇಷ್ಟೆಲ್ಲ ಇರೋ ಕಾರನ್ನು ಎಂಜಿನ್ ಇಲ್ಲದ ಕಿಟ್ ಮಾಡಿದರೆ ಅರ್ಧ ಮಜಾ ಹೋಯ್ತು.

#4 ಮುಚ್ಚಿದಬಾನೆಟ್

ರೋ 80 ಕಿಟ್‌ಗೆ ಎಂಜಿನ್ ಯಾಕೆ ಗುರು, ನಿಜವಾದ ಕಾರಿನಲ್ಲೇ ಅದು ಜಾಸ್ತಿ ದಿನ ಉಳೀತಿರಲಿಲ್ಲ.

#5 ಎರಡುರೋಟರ್

ಬಂತಪ್ಪಾ ಆ ಜೋಕು, ಎಲ್ಲಿ ಹೋಯ್ತು ಅಂತ ನೋಡ್ತಿದ್ದೆ. ಮೊದಲ ವರ್ಷಗಳ ಕಾರುಗಳಲ್ಲಿ ರೋಟರ್ ತುದಿಯ ಸೀಲ್‌ಗಳು ಬೇಗ ಸವೆಯುತ್ತಿದ್ದವು, ನಿಜ. ಆದರೆ ಕಿಟ್ ದೃಷ್ಟಿಯಿಂದ ನೋಡಿ. ಎಂಜಿನ್ ಚಿಕ್ಕದು, ಮುಂದಿನ ಆಕ್ಸಲ್‌ಗಿಂತ ಮುಂದೆ ಕೂತಿದೆ. ಹತ್ತು ಹನ್ನೆರಡು ಭಾಗದಲ್ಲಿ ಮುಗಿಯುತ್ತೆ. ವಿ8ರ ಹಾಗೆ ಎಕ್ಸಾಸ್ಟ್ ಗೋಜಲು ಇಲ್ಲ.

ಇದರ ನಿಜವಾದ ಕಷ್ಟ ಗಾಜು. ಕಿಟಕಿಗಳ ನಡುವಿನ ಕಂಬಗಳು ತೀರಾ ಸಣ್ಣ, ಪಕ್ಕಕ್ಕೆ ಮೂರು ಮೂರು ಕಿಟಕಿ. ಕಿಟ್ ಬಾಡಿಯ ಗೋಡೆ ಸಾಮಾನ್ಯವಾಗಿ 1ರಿಂದ 1.2 ಮಿ.ಮೀ. ದಪ್ಪ. ಕಂಬದ ಅಗಲ 1 ಮಿ.ಮೀ.ಗೆ ಇಳಿದರೆ ಅಚ್ಚಿನಿಂದ ತಳ್ಳುವಾಗಲೇ ಬಾಗುತ್ತೆ. ಗಾಜನ್ನು ಒಳಗಿಂದ ಅಂಟಿಸೋ ಹಳೇ ಪದ್ಧತಿ ಮಾಡಿದರೆ, 1.2 ಮಿ.ಮೀ. ಅಂದರೆ ನಿಜವಾದ ಕಾರಿನಲ್ಲಿ ಸುಮಾರು 29 ಮಿ.ಮೀ. ಒಳಗೆ ಕೂತ ಗಾಜು, ಕೋಟೆ ಕಿಂಡಿ ಥರ ಕಾಣುತ್ತೆ. ಹೊರಗಿಂದ ಒತ್ತಿ ಕೂರಿಸೋ ಗಾಜು ಕೊಡಲೇಬೇಕು, ಅದಕ್ಕೆ ಬಣ್ಣ ತಾಗದ ಹಾಗೆ ಮುಚ್ಚೋ ಮಾಸ್ಕ್ ಹಾಳೆಯೂ ಜೊತೆಗಿರಲಿ.

#6 ಮುಚ್ಚಿದಬಾನೆಟ್

ಜೋಕು ಬಿಡಿ, ವಾದ ಗಂಭೀರವೇ. ಜಪಾನಿನ ಕಿಟ್ ಕಂಪನಿ ಹಾಸೆಗಾವಾದವರು ಬಿಎಂಡಬ್ಲ್ಯು 2002 ಟಿಐಐ ಥರದ ಹಳೇ ಕಾರುಗಳನ್ನು ಎಂಜಿನ್ ಇಲ್ಲದೇ ತಂದರು, ಅದಕ್ಕೇ ಆ ಸಾಲು ಅಷ್ಟು ಉದ್ದ ಬೆಳೀತು. ಎಂಜಿನ್ ಅಂದರೆ ಬರೀ ಎಂಜಿನ್ ಭಾಗಗಳಲ್ಲ. ಬಾನೆಟ್ ಬೇರೆ ಭಾಗ ಆಗುತ್ತೆ, ಸುತ್ತ ಸಂದು ಸಮ ಬರಬೇಕು, ಒಳಗಿನ ತಗಡು, ಬ್ಯಾಟರಿ, ಹೋಸ್, ಎಲ್ಲ ಸೇರಿ ಇನ್ನೊಂದು ಸ್ಪ್ರೂ (ಭಾಗಗಳು ಅಂಟಿಕೊಂಡು ಬರೋ ಪ್ಲಾಸ್ಟಿಕ್ ಚೌಕಟ್ಟು) ಅಚ್ಚು. ಯಾರೂ ಕೇಳದ ಕಾರಿಗೆ ಆ ಹೆಚ್ಚುವರಿ ಅಚ್ಚೇ ಯೋಜನೆ ಕೊಲ್ಲೋದು. ಎಂಜಿನ್ ಇಲ್ಲದ ರೋ 80 ಬೇಕೋ, ಬರೀ ಕನಸಿನಲ್ಲಿರೋ ಎಂಜಿನ್ ಸಮೇತದ ರೋ 80 ಬೇಕೋ?

#7 ಮೂರನೇಕಣ್ಣು

ಇಬ್ಬರ ಜಗಳದ ಮಧ್ಯೆ ಟಾಟ್ರಾ 603 ನುಗ್ಗಿಸ್ತೀನಿ. ಹಿಂದುಗಡೆ ಗಾಳಿಯಿಂದ ತಂಪಾಗೋ ವಿ8, ಮುಂದೆ ರೇಡಿಯೇಟರ್ ಗ್ರಿಲ್ಲೇ ಇಲ್ಲ. 1956ರಿಂದ 1975. ಮೊದಲ ಕಾರುಗಳಿಗೆ ಒಂದೇ ಗಾಜಿನ ಹಿಂದೆ ಮೂರು ಹೆಡ್‌ಲೈಟ್, ಆಮೇಲೆ ನಾಲ್ಕು.

ಇದನ್ನು ಕಟ್ಟಲು ಹೊರಟವರಿಗೆ ಒಂದು ಎಚ್ಚರಿಕೆ. ಕಾರ್ಖಾನೆಯವರು ಹಳೇ 603ಗಳನ್ನು ವಾಪಸ್ ತರಿಸಿ ಹೊಸ ಮಾದರಿಯ ಮುಖ ಕೂರಿಸಿ ಕಳಿಸ್ತಿದ್ದರು. ಹಾಗಾಗಿ ಈಗ ಮ್ಯೂಸಿಯಂನಲ್ಲಿ ನಿಂತಿರೋ ಕಾರಿನ ಚಾಸಿಸ್ ವರ್ಷ ಒಂದು, ಮುಖದ ವರ್ಷ ಇನ್ನೊಂದು ಇರಬಹುದು. ಒಂದೇ ಕಾರಿನ ಫೋಟೋ ನೋಡಿ "1958ರದ್ದು ಹೀಗಿತ್ತು" ಅಂತ ತೀರ್ಮಾನ ಮಾಡಬೇಡಿ. ಆ ಕಾಲದ ಕರಪತ್ರ, ರ‍್ಯಾಲಿ ಫೋಟೋ ಎದುರಿಗಿಟ್ಟು ಹೋಲಿಸಿ.

#8 ಅಳತೆಪಟ್ಟಿ

ಮೇಲಿನ ಕಾರುಗಳ ಜೊತೆ ವೋಲ್ವೋ ಅಮೆಜಾನನ್ನೂ ಸೇರಿಸಿ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಭಾಗಿಸಿ ನೋಡಿದರೆ ಒಂದು ತಮಾಷೆ ಇದೆ. ಸಾಬ್ 96ರದ್ದು 2498 ಮಿ.ಮೀ. ಹಿಡಿದರೆ 1/24ರಲ್ಲಿ 104.1. ವೋಲ್ವೋ ಅಮೆಜಾನ್‌ನದು 2600, 1/25ರಲ್ಲಿ 104.0. ರೋ 80ಯದು 2860, 1/25ರಲ್ಲಿ 114.4. ಟಾಟ್ರಾ 603ರದ್ದು 2750, 1/24ರಲ್ಲಿ 114.6. ಅಂದರೆ "ವೀಲ್‌ಬೇಸ್ ಹೊಂದುತ್ತೆ" ಅಂತ ಯಾವುದೋ ಕಿಟ್‌ನ ಚಾಸಿಸ್ ತಂದು ಇನ್ನೊಂದರ ಬಾಡಿಗೆ ಕೂರಿಸೋರು ಮೊದಲು ಸ್ಕೇಲ್ ನೋಡಲಿ. ಎರಡಕ್ಕೂ ಇರೋ ವ್ಯತ್ಯಾಸ ಸುಮಾರು 4 ಶೇಕಡಾ. ಉದ್ದದಲ್ಲಿ ಗೊತ್ತಾಗಲ್ಲ, ಅಗಲದಲ್ಲಿ ಮತ್ತು ಟೈರ್‌ನಲ್ಲಿ ಥಟ್ಟನೆ ಗೊತ್ತಾಗುತ್ತೆ.

ಅಮೆರಿಕದ ಕಾರುಗಳು 1/25ರಲ್ಲಿ ನಿಂತದ್ದು ಡೀಲರ್‌ಗಳಿಗೆ ಕೊಡ್ತಿದ್ದ ಪ್ರಚಾರದ ಮಾಡೆಲ್‌ಗಳ ಅಳತೆಯಿಂದ. ಜಪಾನ್, ಯುರೋಪಿನವರು 1/24 ಹಿಡಿದರು. ಯುರೋಪಿನ ಕಾರು 1/24ರಲ್ಲೇ ಬರಲಿ, ಕಪಾಟಿನಲ್ಲಿ ಪಕ್ಕ ಪಕ್ಕ ನಿಂತಾಗ ಸರಿಹೋಗುತ್ತೆ.

#9 ಟರ್ಬೈನ್‌ಕಂಚು

ಪ್ರಚಾರದ ಮಾಡೆಲ್ ಅಂದಿದ್ದಕ್ಕೆ: 1950ರ ದಶಕದವು ಬಹಳಷ್ಟು ಅಸಿಟೇಟ್ ಪ್ಲಾಸ್ಟಿಕ್‌ನಲ್ಲಿ ಬಂದವು. ಅವು ತಾವಾಗೇ ತಿರುಚಿಕೊಂಡು ಬಾಳೆಹಣ್ಣಿನ ಥರ ಬಾಗಿವೆ. ಬಿಸಿನೀರಿನಲ್ಲಿ ಇಟ್ಟು ನೆಟ್ಟಗೆ ಮಾಡಿದರೂ ಮತ್ತೆ ಬಾಗುತ್ತೆ, ಉದ್ದವೂ ಕುಗ್ಗಿರುತ್ತೆ. ಅದನ್ನು ಮಾಸ್ಟರ್, ಅಂದರೆ ಮೂಲ ಮಾದರಿ, ಮಾಡಿಕೊಂಡು ಅಚ್ಚು ತೆಗೆಯೋ ಆಸೆ ಇದ್ದರೆ ಬಿಟ್ಟುಬಿಡಿ.

ನನ್ನ ಬೇಡಿಕೆ ಕ್ರೈಸ್ಲರ್ ಟರ್ಬೈನ್ ಕಾರು (ಪಿಸ್ಟನ್ ಬದಲು ಗ್ಯಾಸ್ ಟರ್ಬೈನ್ ಎಂಜಿನ್‌ನದು), ಹೊಸ ಅಚ್ಚಿನಲ್ಲಿ. ಮಾಡಿದ್ದೇ ಒಟ್ಟು 55 ಕಾರು, ಬಳಸಿ ನೋಡಿ ಅಂತ 203 ಜನರ ಕೈಗೆ ಸರದಿಯಲ್ಲಿ ಕೊಟ್ಟು ವಾಪಸ್ ತಗೊಂಡರು, ಹೆಚ್ಚಿನವನ್ನು ನಾಶ ಮಾಡಿದರು. ಜೋ-ಹ್ಯಾನ್ ಕಂಪನಿಯ ಹಳೇ ಕಿಟ್ ಒಂದಿದೆ, ಅದರ ಕಾಲಕ್ಕೆ ಅದ್ಭುತ. ಈಗ ಸಿಗೋ ಡಬ್ಬಿಗಳಲ್ಲಿ ಗಾಜು ಗೀಚಿರುತ್ತೆ, ಕ್ರೋಮ್ ಮಂಕಾಗಿರುತ್ತೆ.

#10 ಸ್ಪ್ರೂಕತ್ತರಿ

ಟರ್ಬೈನ್‌ಗೆ ಹಳೆಗಾಲಿಯವರ ಷರತ್ತು ಅನ್ವಯಿಸಿದರೆ ಫೇಲು. ಬಣ್ಣ ಹೆಚ್ಚುಕಡಿಮೆ ಒಂದೇ ಕಂಚು, ಬಾಡಿ ಒಂದೇ, ರೇಸ್ ಮಾದರಿ ಇಲ್ಲ. ಒಂದು ಡಬ್ಬಿ, ಮುಗೀತು.

#11 ಟರ್ಬೈನ್‌ಕಂಚು

ಗೊತ್ತು. ಆದರೂ ಬೇಕು.

#12 ಪದರಪದರ

ಕಂಪನಿ ಮನಸ್ಸು ಮಾಡೋವರೆಗೆ ಕಾಯದವರಿಗೆ, ಯುವಿ ಬೆಳಕಿಗೆ ಗಟ್ಟಿಯಾಗೋ ರೆಸಿನ್‌ನಲ್ಲಿ 3ಡಿ ಪ್ರಿಂಟ್ ದಾರಿ. ಅದರಲ್ಲಿ ಎಲ್ಲರೂ ಒಂದೇ ಕಡೆ ಎಡವುತ್ತಾರೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಬಾಡಿ ಗೋಡೆ 1.2 ಮಿ.ಮೀ. ಇರಲಿ. 0.8ಕ್ಕೆ ಇಳಿಸಿದರೆ ಕಂಬಗಳು ಒರಟು ಕೈಗೆ ಮುರಿಯುತ್ತವೆ, 2 ಇಟ್ಟರೆ ಒಳಗೆ ಸೀಟು ಕೂರಲ್ಲ. ಪದರ 0.03ರಿಂದ 0.05 ಮಿ.ಮೀ. ಬಾಡಿಯನ್ನು ಚಪ್ಪಟೆಯಾಗಿ ಮಲಗಿಸಬೇಡಿ. ಚಾವಣಿ, ಬಾನೆಟ್ ಥರದ ಸಣ್ಣ ಇಳಿಜಾರಿನ ಕಡೆ ಪದರದ ಮೆಟ್ಟಿಲು ಭೂಪಟದ ಗೆರೆಗಳ ಹಾಗೆ ಎದ್ದು ಕಾಣುತ್ತೆ. 30ರಿಂದ 45 ಡಿಗ್ರಿ ಓರೆ ಮಾಡಿ, ಆಸರೆ ಕಡ್ಡಿಗಳೆಲ್ಲ ಒಳಮೈಯಲ್ಲೇ ಇರೋ ಹಾಗೆ ನೋಡಿಕೊಳ್ಳಿ.

ಬಾಗಿಲ ಸಂದು: ನಿಜವಾದ ಕಾರಿನಲ್ಲಿ 5 ಮಿ.ಮೀ. ಇದ್ದರೆ 1/24ರಲ್ಲಿ 0.2. ಫೈಲ್‌ನಲ್ಲಿ ಅಷ್ಟೇ ಇಟ್ಟರೆ ಪ್ರೈಮರ್‌ನಲ್ಲೇ ಮುಚ್ಚಿಹೋಗುತ್ತೆ. 0.35 ಅಗಲ, 0.5 ಆಳ ಇಡಿ. ಬಣ್ಣ ತುಂಬಿಕೊಂಡ ಮೇಲೆ ಸರಿಯಾದ ಅಳತೆಗೆ ಬರುತ್ತೆ.

ಈಗ ಎಡವೋ ಜಾಗ. ಪ್ರಿಂಟ್ ಆದಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡು ಸಲ ತೊಳೆಯಬೇಕು, ಎರಡನೇದು ಹೊಸ ದ್ರಾವಣ, ತಲಾ ಎರಡು ಮೂರು ನಿಮಿಷ ಸಾಕು. ಪೂರ್ತಿ ಒಣಗದೇ ಯುವಿ ದೀಪದ ಕೆಳಗಿಟ್ಟರೆ ಮೂಲೆಗಳಲ್ಲಿ ಬಿಳಿ ಪುಡಿ ಕೂರುತ್ತೆ. ಅದಕ್ಕಿಂತ ಕೆಟ್ಟದ್ದು: ಯುವಿಯಲ್ಲಿ ಗಟ್ಟಿಯಾಗುವಾಗ ರೆಸಿನ್ ಇನ್ನಷ್ಟು ಕುಗ್ಗುತ್ತೆ, ಕೆಳಗೆ ತೆರೆದ ಬಾಡಿಯ ಎರಡು ಪಕ್ಕಗಳು ಒಳಕ್ಕೋ ಹೊರಕ್ಕೋ ವಾಲುತ್ತವೆ. ಆಮೇಲೆ ಚಾಸಿಸ್ ಕೂರಲ್ಲ, ಒತ್ತಿ ಕೂರಿಸಿದರೆ ಕಂಬ ಬಿರುಕು. ಅದಕ್ಕೆ ಬಾಗಿಲ ಕೆಳಗಿನ ಎರಡೂ ಅಂಚುಗಳನ್ನು ಸೇರಿಸೋ 3 ಮಿ.ಮೀ. ದಪ್ಪದ ಎರಡು ಅಡ್ಡಪಟ್ಟಿಗಳನ್ನು ಫೈಲ್‌ನಲ್ಲೇ ಸೇರಿಸಿ ಪ್ರಿಂಟ್ ಮಾಡಿ. ತೊಳೆಯೋದು, ಯುವಿ, ಪ್ರೈಮರ್, ಉಜ್ಜೋದು ಎಲ್ಲ ಪಟ್ಟಿ ಸಮೇತ. ನೆಲದ ಭಾಗ ಕೂರಿಸೋ ದಿನ ಕತ್ತರಿಸಿ ತೆಗೀರಿ.

ಉಜ್ಜೋದು ಒದ್ದೆ ಕಾಗದದಲ್ಲಿ, 400, 600, 1000. ನಡುವೆ ಬೂದು ಪ್ರೈಮರ್. ಒಣ ಉಜ್ಜಿದರೆ ಆ ಪುಡಿ ಶ್ವಾಸಕ್ಕೆ ಒಳ್ಳೇದಲ್ಲ, ಮಾಸ್ಕ್ ಇಲ್ಲದೆ ಕೂರಬೇಡಿ. ಕೈಗವಸು ತೊಳೆಯುವಾಗಲೂ ಇರಲಿ.

#13 ರಾಳದಕುಡಿಕೆ

ಚೆನ್ನಾಗಿ ಹೇಳಿದ್ರಿ. ಒಂದನ್ನು ಸೇರಿಸ್ತೀನಿ. ಪ್ರಿಂಟನ್ನೇ ಮಾಸ್ಟರ್ ಮಾಡಿಕೊಂಡು ಹತ್ತು ಪ್ರತಿ ರೆಸಿನ್‌ನಲ್ಲಿ ಎರೆಯೋ ಆಸೆ ಇದ್ದರೆ, ಪ್ಲಾಟಿನಂ ಕ್ಯೂರ್ (ಪ್ಲಾಟಿನಂ ನೆರವಿನಿಂದ ಗಟ್ಟಿಯಾಗೋ) ಸಿಲಿಕೋನನ್ನು ನೇರವಾಗಿ ಪ್ರಿಂಟ್ ಮೇಲೆ ಸುರಿಯಬೇಡಿ. ಯುವಿ ರೆಸಿನ್‌ನಲ್ಲಿ ಉಳಿದ ರಾಸಾಯನಿಕ ಅದರ ಕ್ಯೂರ್ ತಡೆಯುತ್ತೆ, ಮಾಸ್ಟರ್ ತಾಗಿದ ಕಡೆಯೆಲ್ಲ ಅಂಟು ಅಂಟು ಲೋಳೆ ಉಳಿಯುತ್ತೆ. ಗಂಧಕ ಇರೋ ಜೇಡಿ, ಲ್ಯಾಟೆಕ್ಸ್ ಗವಸು ತಾಗಿದರೂ ಅದೇ ಗತಿ. ಟಿನ್ ಕ್ಯೂರ್ ಸಿಲಿಕೋನ್ ಬಳಸಿ. ಅದರ ಅಚ್ಚು ವರ್ಷಗಳಲ್ಲಿ ಕುಗ್ಗುತ್ತೆ, ಬೇಗ ಹರಿಯುತ್ತೆ, ಆದರೆ ಹತ್ತು ಪ್ರತಿಗೆ ಧಾರಾಳ.

ಪಾಲಿಯುರೆಥೇನ್ ರೆಸಿನ್ ಎರೆಯುವಾಗ ತೇವವೇ ಶತ್ರು. ಡಬ್ಬಿ ತೆರೆದಿಟ್ಟರೆ ಗಾಳಿಯ ತೇವ ಹೀರಿ, ಬೆರೆಸಿದಾಗ ನೊರೆ ಏಳುತ್ತೆ. ಬಾಡಿ ಒಡೆದು ನೋಡಿದರೆ ಒಳಗೆಲ್ಲ ಬ್ರೆಡ್ಡಿನ ಥರ ತೂತು. ಎರೆದ ಭಾಗಗಳನ್ನು ಪಾತ್ರೆ ಸೋಪಿನಲ್ಲಿ ಹಳೇ ಬ್ರಷ್ ಹಿಡಿದು ತಿಕ್ಕಿ ತೊಳೀರಿ, ಇಲ್ಲದಿದ್ದರೆ ಪ್ರೈಮರ್ ಹಿಡಿಯಲ್ಲ. ಇದಕ್ಕೆ ಪ್ಲಾಸ್ಟಿಕ್ ಸಿಮೆಂಟ್ ಅಂಟಲ್ಲ, ಸೂಪರ್ ಗ್ಲೂ ಇಲ್ಲವೇ ಎಪಾಕ್ಸಿ.

ಇನ್ನೊಬ್ಬರು ಮಾಡಿದ ರೆಸಿನ್ ಬಾಡಿ ಕೊಂಡು ಅದರ ಮೇಲೇ ಅಚ್ಚು ತೆಗೆದು ಮಾರೋರಿಗೆ ಇಲ್ಲಿ ಸಲಹೆ ಕೇಳೋ ಹಕ್ಕಿಲ್ಲ. ಆ ಪ್ರತಿ ಎರಡು ಸಲ ಕುಗ್ಗಿರೋದರಿಂದ ನೋಡಿದರೇ ಗೊತ್ತಾಗುತ್ತೆ.

#14 ಅಮೆಜಾನ್‌122

ಅಮೆಜಾನ್ ಹೆಸರು ಬರೀ ವೀಲ್‌ಬೇಸ್ ಲೆಕ್ಕಕ್ಕೆ ಬಂತಲ್ಲ, ಅನ್ಯಾಯ. 1956ರಿಂದ 1970. ಎರಡು ಬಾಗಿಲು, ನಾಲ್ಕು ಬಾಗಿಲು, ಎಸ್ಟೇಟ್, ಮೂರೂ ಇದ್ದವು. ಮುಂದಿನ ಸೀಟಿಗೆ ಮೂರು ಬಿಂದುವಿನ ಬೆಲ್ಟ್ ಖಾಯಂ ಆಗಿ ಬಂದ ಮೊದಲ ಕಾರುಗಳಲ್ಲಿ ಒಂದು, 1959ರಲ್ಲಿ. ಕಿಟ್‌ನಲ್ಲಿ ಬೆಲ್ಟ್‌ಗೆ ಫೋಟೊ-ಎಚ್ (ತೆಳು ಲೋಹದ ಹಾಳೆಯಲ್ಲಿ ರಾಸಾಯನಿಕದಿಂದ ಕೊರೆದ) ಬಕಲ್ ಕೊಡದಿದ್ದರೆ ಡಬ್ಬಿ ವಾಪಸ್ ಕಳಿಸಬೇಕು.

ಪ್ರಶ್ನೆ ಒಂದಿದೆ. ಬೂಟ್ ಮೇಲೆ ವೋಲ್ವೋ ಅಂತ ಉಬ್ಬಿದ ಅಕ್ಷರ ಇರುತ್ತಲ್ಲ, ಆ ಅಳತೆಯಲ್ಲಿ ಬ್ರಷ್‌ನಿಂದ ಬೆಳ್ಳಿ ಬಣ್ಣ ಹಚ್ಚಿದರೆ ಪಕ್ಕಕ್ಕೆ ಹರಡುತ್ತೆ. ಏನು ಉಪಾಯ?

#15 ಟರ್ಬೈನ್‌ಕಂಚು

ಬಣ್ಣಕ್ಕೆ ಮೊದಲೇ ಫಾಯಿಲ್. ಪ್ರೈಮರ್ ಉಜ್ಜಿ ನಯ ಮಾಡಿದ ಮೇಲೆ, ಬೇರ್ ಮೆಟಲ್ ಫಾಯಿಲ್‌ನ (ಅಂಟು ಬೆನ್ನಿನ ತೆಳು ಲೋಹದ ಹಾಳೆ) ಸಣ್ಣ ತುಂಡನ್ನು ಅಕ್ಷರಗಳ ಮೇಲೆ ಕೂರಿಸಿ, ಟೂತ್‌ಪಿಕ್‌ನ ಮೊಂಡು ತುದಿಯಿಂದ ಒತ್ತಿ. ಅಕ್ಷರದ ಬುಡಕ್ಕೆ ಹತ್ತಿರ ಹೊಸ ಬ್ಲೇಡಿನಲ್ಲಿ ಕತ್ತರಿಸಿ ಸುತ್ತಲಿನದ್ದು ತೆಗೀರಿ. ಅದರ ಮೇಲೇ ಬಾಡಿ ಬಣ್ಣ ಹೊಡೀರಿ, ತೆಳುವಾಗಿ. ಬಣ್ಣ ಮುಟ್ಟಿದರೆ ಅಂಟದಷ್ಟು ಆರಿದ ಮೇಲೆ, ಗಟ್ಟಿ ಕಾಗದ ಸುತ್ತಿದ ಬೆರಳ ತುದಿಗೆ ಒಂದೇ ಹನಿ ಥಿನ್ನರ್ ತಾಗಿಸಿ ಅಕ್ಷರದ ತಲೆ ಮೇಲೆ ಮಾತ್ರ ಸವರಿ. ತಲೆಯ ಬಣ್ಣ ಹೋಗಿ ಫಾಯಿಲ್ ಹೊಳೆಯುತ್ತೆ, ಸಂದಿನಲ್ಲಿ ಬಾಡಿ ಬಣ್ಣ ಉಳಿಯುತ್ತೆ. ಬಟ್ಟೆ ಬಳಸಿದರೆ ಅದು ಸಂದಿಗೆ ಇಳಿದು ಎಲ್ಲ ಒರೆಸಿಬಿಡುತ್ತೆ, ಕಾಗದವೇ ಬೇಕು. ಆಮೇಲೆ ಕ್ಲಿಯರ್.

ಹಳೇ ಕಿಟ್‌ನ ಮಂಕು ಕ್ರೋಮ್ ತೆಗೆಯೋಕೆ ಮನೆಯ ಬ್ಲೀಚ್ ಸಾಕು, ಅಲ್ಯೂಮಿನಿಯಂ ಪದರ ಸ್ವಲ್ಪ ಹೊತ್ತಿನಲ್ಲೇ ಮಾಯ. ಆದರೆ ಅದರ ಕೆಳಗೆ ಹಳದಿ ಬಣ್ಣದ ವಾರ್ನಿಷ್ ಪದರ ಉಳಿಯುತ್ತೆ, ಗ್ರಿಲ್‌ನ ಗೆರೆಗಳನ್ನು ಅರ್ಧ ತುಂಬಿರೋದು ಅದೇ. ಅದನ್ನೂ ತೆಗೆದರೆ ಮಾತ್ರ ಹೊಸ ಕ್ರೋಮ್ ಚೂಪಾಗಿ ಕಾಣುತ್ತೆ. ಬ್ಲೀಚ್‌ಗೆ ಬೇರೆ ಯಾವ ಕ್ಲೀನರನ್ನೂ ಬೆರೆಸಬೇಡಿ, ವಿಷಗಾಳಿ ಬರುತ್ತೆ.

#16 ಮುಚ್ಚಿದಬಾನೆಟ್

ಹಳೇ ಡಬ್ಬಿ ತೆರೆದವರು ಟೈರ್ ಕೂಡ ನೋಡಿ. ಮೆದು ವಿನೈಲ್ ಟೈರ್‌ನ ಪ್ಲಾಸ್ಟಿಸೈಜರ್ ಹೊರಗೆ ಒಸರಿ ತಾಗಿದ ಸ್ಟೈರೀನನ್ನು ಕರಗಿಸುತ್ತೆ. ಗಾಜಿನ ಸ್ಪ್ರೂ ಮೇಲೆ ಟೈರ್ ಅಚ್ಚೊತ್ತಿದ ಡಬ್ಬಿಗಳು ಬೇಕಾದಷ್ಟಿವೆ. ಕಟ್ಟಿದ ಮೇಲೂ ರಿಮ್‌ಗೆ ಇದೇ ಆಗುತ್ತೆ. ಟೈರನ್ನು ಬೇರೆ ಚೀಲದಲ್ಲಿಡಿ, ಕೂರಿಸುವಾಗ ರಿಮ್ ಸುತ್ತ ಫಾಯಿಲ್ ಒಂದು ಸುತ್ತು ಹಾಕಿ.

#17 ಹಳೆಗಾಲಿ

ಕಂಪನಿಗೆ ಬೇಡಿಕೆ ಕಳಿಸೋದಾದರೆ ಬರೀ ಹೆಸರಿನ ಪಟ್ಟಿ ಬೇಡ, ಅಳತೆಯ ಕಡತ ಕಳಿಸೋಣ. ಒಂದೊಂದು ಕಾರಿಗೆ ಸ್ಕ್ಯಾನ್ ಮಾಡೋಕೆ ಒಪ್ಪೋ ಮಾಲೀಕರು ಇದ್ದಾರಾ, ಕಾರು ಯಾವ ವರ್ಷದ್ದು, ಏನೇನು ಬದಲಾಗಿದೆ, ಯಾವ ಯಾವ ಭಾಗ ಬದಲಾಯಿಸಿದರೆ ಎರಡನೇ ಡಬ್ಬಿ ಆಗುತ್ತೆ. ಫೋಟೋ ತೆಗೆಯೋರಿಗೆ: ಪಕ್ಕದ ನೋಟವನ್ನು ಕನಿಷ್ಠ 15 ಮೀಟರ್ ದೂರ ನಿಂತು, ಉದ್ದ ಲೆನ್ಸ್‌ನಲ್ಲಿ, ಕ್ಯಾಮೆರಾ ಚಕ್ರದ ನಡುಮಟ್ಟದಿಂದ ಸ್ವಲ್ಪವೇ ಮೇಲೆ ಇಟ್ಟು ತೆಗೀರಿ. ಮೂರು ಮೀಟರ್‌ನಿಂದ ಫೋನಿನಲ್ಲಿ ತೆಗೆದರೆ ಮೂತಿ, ಬಾಲ ಎರಡೂ ಹಿಂದಕ್ಕೆ ಸರಿದು ಬಾಗಿಲು ಉಬ್ಬುತ್ತೆ. ಅಂಥ ಫೋಟೋದಿಂದ ತೆಗೆದ ನಕ್ಷೆಗೆ ವೀಲ್‌ಬೇಸ್ ಒಂದು ಹೊಂದಿದರೂ ಚಾವಣಿ ಹೊಂದಲ್ಲ.

#18 ಅಳತೆಪಟ್ಟಿ

ಟೈರ್‌ಗೂ ಒಂದು ಸಾಲು ಇರಲಿ. ಹಳೇ ಗುರುತಿನಲ್ಲಿ ಪಕ್ಕದ ಎತ್ತರ ಬರೆದಿಲ್ಲದ ರೇಡಿಯಲ್‌ಗೆ ಅಗಲದ ಸುಮಾರು 80 ಶೇಕಡಾ ಹಿಡೀರಿ. 155-15 ಅಂದರೆ ರಿಮ್ 381, ಎರಡು ಪಕ್ಕ 124 ಮತ್ತು 124, ಒಟ್ಟು 629 ಮಿ.ಮೀ., 1/24ರಲ್ಲಿ 26.2. ರೋ 80ಯ 175-14ಕ್ಕೆ 26.5. ಕೈಯಲ್ಲಿರೋ ಟೈರ್ ಅರ್ಧ ಮಿ.ಮೀ. ಆಚೀಚೆ ಇದ್ದರೆ ನಡೆಯುತ್ತೆ. ಅಗಲ ಮಾತ್ರ ರಾಜಿ ಬೇಡ, 155ಕ್ಕೆ 6.5 ಮಿ.ಮೀ. ಈಗಿನ ಕಿಟ್‌ನ ದಪ್ಪ ಟೈರ್ ಹಾಕಿದರೆ ಸಾಬ್ ಅಲ್ಲ, ಸಾಬ್ ಮುಖವಾಡ ಹಾಕಿದ ಗೋ-ಕಾರ್ಟ್.

#19 ಎರಡುರೋಟರ್

ರೋ 80 ಕಡತ ನಾನು ಹಿಡೀತೀನಿ. ಎಂಜಿನ್ ಸ್ಪ್ರೂ "ಬೇಕಾದರೆ ಆಮೇಲೆ" ಅಂತ ಬೇರೆ ಹಾಳೆಯಲ್ಲಿ ಬರೆದಿಡ್ತೀನಿ, ಆದರೆ ಬಾನೆಟ್ ಗೆರೆಯನ್ನು ಒಳಗಿಂದ ಆಳ ಕೊರೆದಿರಲಿ ಅಂತ ಕೇಳ್ತೀನಿ. ಬೇಕಾದವರು ಬ್ಲೇಡಿನ ಬೆನ್ನಿನಿಂದ ಹತ್ತು ಸಲ ಗೀರಿ ಬಿಡಿಸಿಕೊಳ್ಳಲಿ. ಮುಚ್ಚಿದಬಾನೆಟ್ ಅವರೇ, ಇದಕ್ಕೆ ಒಪ್ಪಿಗೆಯಾ?

#20 ಮುಚ್ಚಿದಬಾನೆಟ್

ಒಪ್ಪಿಗೆ. ಗೀರಲ್ಲ, ಆದರೂ ಒಪ್ಪಿಗೆ.